ಹರಳುಗಳ ಉಪಾಸಕ ಸಿ. ವಿ. ರಾಮನ್

ಚಂದ್ರಶೇಖರ ವೆಂಕಟರಾಮನ್ನರು ಜನಿಸಿದುದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. 1907ರಲ್ಲಿ, ಹತ್ತೊಂಬತ್ತು ತುಂಬುವ ಮುನ್ನವೇ, ಅವರಿಗೆ ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ದೊಡ್ಡ ಹುದ್ದೆ ದೊರೆಯಿತು. ಆದರೆ ಅವರ ಮನಸ್ಸು ನೆಟ್ಟಿದ್ದುದು ಭೌತವಿಜ್ಞಾನದಲ್ಲಿ. ಕಚೇರಿಗೆ ಹೋಗುವ ಮೊದಲೂ ಅಲ್ಲಿಂದ ಮರಳಿದ ಮೇಲೂ ಅವರು ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದರು. 1917ರಲ್ಲಿ ಆ ಹುದ್ದೆಯನ್ನೇ ತೊರೆದು, ಅದಕ್ಕಿಂತ ಕಡಿಮೆ ವೇತನದ ಪ್ರಾಧ್ಯಾಪಕ ಪದವಿಯನ್ನು ಸ್ವೀಕರಿಸಿದರು.

ಶಿಷ್ಯ ಕೆ. ಎಸ್. ಕೃಷ್ಣನ್ನರೊಡನೆ ನಡೆಸಿದ ಪ್ರಯೋಗಗಳು 1928ರ ಫೆಬ್ರವರಿ 28ರಂದು ಫಲಿಸಿದವು. ಒಂದೇ ಬಣ್ಣದ ಬೆಳಕನ್ನು ಪದಾರ್ಥವೊಂದರ ಮೂಲಕ ಹಾಯಿಸಿದಾಗ, ಚದರಿದ ಬೆಳಕಿನ ಅತ್ಯಲ್ಪ ಅಂಶವು ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಆ ಬದಲಾವಣೆಯು ಒಳಗಿನ ಪರಮಾಣುಗಳ ಕಂಪನವನ್ನು ತಿಳಿಸುತ್ತದೆ. ಇದೇ ರಾಮನ್ ಪರಿಣಾಮ. 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

1933ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. 1948ರಲ್ಲಿ ಅಲ್ಲಿಯೇ ತಮ್ಮದೊಂದು ಸಂಶೋಧನಾಲಯವನ್ನು ಕಟ್ಟಿದರು. ವಜ್ರ ಮೊದಲಾದ ಹರಳುಗಳನ್ನು ಸಂಗ್ರಹಿಸಿ, ಅವುಗಳ ಅಂತರಂಗವನ್ನು ಬೆಳಕಿನಿಂದ ಶೋಧಿಸುವುದು ಅವರ ಬಾಳಿನ ವ್ರತವಾಯಿತು.

ಹರಳಿನ ಚೆಲುವಿರುವುದು ಪರಮಾಣುಗಳ ಶಿಸ್ತಿನ ಸಾಲಿನಲ್ಲಿ. ಆ ಶಿಸ್ತು ಒಳಗಿನಿಂದಲೇ ಕೆಡುವುದೂ ಉಂಟು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಭಾರತದ ಅತಿ ಪ್ರಾಚೀನ ಶಿಲೆಗಳಿವೆ. ಗೊರೂರಿನ ನೈಸ್ ಶಿಲೆಯ ವಯಸ್ಸು ಸುಮಾರು 330 ಕೋಟಿ ವರ್ಷ. ಇಂಥ ಶಿಲೆಗಳಲ್ಲಿ ಜಿರ್ಕಾನ್ ಎಂಬ ಸೂಕ್ಷ್ಮ ಹರಳುಗಳೂ, ಅವುಗಳಲ್ಲಿ ಲೇಶಮಾತ್ರ ಯುರೇನಿಯಂ ಕೂಡ ಇರುತ್ತವೆ. ಯುರೇನಿಯಂ ಪರಮಾಣುವು ಆಲ್ಫಾ ಕಣವನ್ನು ಚಿಮ್ಮಿದಾಗ, ಉಳಿದ ಭಾರವಾದ ಬೀಜವು ಗುಂಡು ಹಾರಿಸಿದ ಬಂದೂಕಿನಂತೆ ಹಿಂದಕ್ಕೆ ಒದೆದು, ನೂರಾರು ಪರಮಾಣುಗಳನ್ನು ಸಾಲು ತಪ್ಪಿಸುತ್ತದೆ. ಕೋಟ್ಯಂತರ ವರ್ಷ ಹೀಗೆ ನಡೆದರೆ ಹರಳು ಗಾಜಿನಂತೆ ಅಸ್ತವ್ಯಸ್ತವಾಗಿ, ಶೇಕಡ 18ರಷ್ಟು ಉಬ್ಬಬಹುದು. ತಕ್ಕಷ್ಟು ಕಾಯಿಸಿದರೆ ಕೆಟ್ಟ ಸಾಲು ಮತ್ತೆ ಕೂಡುವುದೂ ಉಂಟು.

ಈ ಹಾನಿಯನ್ನು ಅಳೆಯಲು ಇಂದು ರಾಮನ್ ಪರಿಣಾಮವೇ ಒಂದು ಮುಖ್ಯ ಸಾಧನ. ಶಿಸ್ತಿನ ಹರಳು ನೀಡುವ ರೇಖೆ ಚೂಪಾದುದು. ಕೆಟ್ಟ ಹರಳಿನದು ಅಗಲವಾಗಿ ಮಸುಕಾಗಿರುತ್ತದೆ. ಪರಮಾಣು ಸ್ಥಾವರಗಳ ತ್ಯಾಜ್ಯವನ್ನು ಸಾವಿರಾರು ವರ್ಷ ಭದ್ರವಾಗಿ ಹಿಡಿದಿಡಲು ವಿಜ್ಞಾನಿಗಳು ಜಿರ್ಕಾನಿನಂಥ ಸೆರಾಮಿಕ್ ವಸ್ತುಗಳನ್ನು ಪರೀಕ್ಷಿಸುತ್ತಿದ್ದಾರೆ. ಆ ವಸ್ತು ಸೋತರೆ ವಿಷವು ನೆಲಕ್ಕೂ ನೀರಿಗೂ ಸೇರೀತು. ಅದರ ಬಲಾಬಲವನ್ನು ಅರಿಯಲು ಅವರಿಗೆ ನೆರವಾಗುವುದು ರಾಮನ್ನರು ಕಂಡ ಬೆಳಕೇ.

1970ರ ನವೆಂಬರ್ 21ರಂದು ರಾಮನ್ನರು ತೀರಿಕೊಂಡರು. ಸಂಬಳಕ್ಕಿಂತ ಜ್ಞಾನವೇ ಹಿರಿದೆಂದು ನಂಬಿದ ಆ ಜೀವದ ಸಾಧನೆಯು, ಮುಂದೆ ಹುಟ್ಟಲಿರುವ ಮಕ್ಕಳ ಕ್ಷೇಮಕ್ಕೂ ದಾರಿ ತೋರುತ್ತಿದೆ.