ಬೀಳಗಿಯ ಕಂಠಸಿರಿ ಅಮೀರಬಾಯಿ ಕರ್ನಾಟಕಿ

ಧರ್ಮಕೇಂದ್ರದ ಶತಮಾನೋತ್ಸವದ ಈ ಶುಭವೇಳೆಯಲ್ಲಿ ಹಿರಿಯರನ್ನು ನೆನೆಯುತ್ತಿರುವ ನಾವು, ನಮ್ಮ ಮತದವರಲ್ಲದಿದ್ದರೂ ನಮ್ಮ ನೆಲದವರೇ ಆದ ಓರ್ವ ಗಾಯಕಿಯನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಈ ಸೀಮೆ ರನ್ನಕವಿಯನ್ನು ಹೆತ್ತ ನೆಲ. ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಇರುಳೆಲ್ಲ ಕಿವಿಗೊಟ್ಟ ನೆಲ. ಇದೇ ಸೀಮೆಯ ಬೀಳಗಿಯಲ್ಲಿ, ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ, ಮುಸ್ಲಿಂ ಕುಟುಂಬವೊಂದರಲ್ಲಿ ಅಮೀರಬಾಯಿ ಜನಿಸಿದರು. ಅಕ್ಕ ಗೋಹರಬಾಯಿಯೂ ಹೆಸರಾಂತ ಗಾಯಕನಟಿ. ಮರಾಠಿ ರಂಗಭೂಮಿಯ ಬಾಲಗಂಧರ್ವರೊಡನೆ ಅಭಿನಯಿಸಿದವರು.

ಹೆಣ್ಣುಮಕ್ಕಳು ರಂಗವೇರುವುದನ್ನು ಸಮಾಜ ಕೀಳಾಗಿ ಕಾಣುತ್ತಿದ್ದ ಕಾಲವದು. ಅಮೀರಬಾಯಿ ಆ ನಿಂದೆಗೆ ಅಳುಕದೆ ಮುಂಬಯಿಗೆ ತೆರಳಿ, 1934ರ ‘ವಿಷ್ಣುಭಕ್ತಿ’ ಚಿತ್ರದಿಂದ ಬೆಳ್ಳಿತೆರೆಯನ್ನು ಪ್ರವೇಶಿಸಿದರು. 1940ರ ‘ನರಸಿ ಭಗತ್’ ಚಿತ್ರದಲ್ಲಿ ಗಾಂಧೀಜಿಯವರಿಗೆ ಅತಿಪ್ರಿಯವಾದ ವೈಷ್ಣವ ಭಜನೆಯನ್ನು ಭಕ್ತಿತುಂಬಿ ಹಾಡಿದವರು ಈ ಮುಸ್ಲಿಂ ಮಹಿಳೆಯೇ. 1943ರ ‘ಕಿಸ್ಮತ್’ ಹಾಗೂ 1944ರ ‘ರತನ್’ ಚಿತ್ರಗಳ ಗೀತೆಗಳು ಅವರ ಕೀರ್ತಿಯನ್ನು ದೇಶದ ಮೂಲೆಮೂಲೆಗೂ ಒಯ್ದವು. 1948ರ ‘ಶಹನಾಜ್’ ಚಿತ್ರಕ್ಕೆ ಸಂಗೀತ ಸಂಯೋಜಿಸಿ, ಹೆಂಗಸರು ವಿರಳವಾಗಿದ್ದ ಆ ಕ್ಷೇತ್ರದಲ್ಲೂ ಹೆಜ್ಜೆಯಿಟ್ಟರು.

ಕೀರ್ತಿಯ ಹಿಂದೆ ಕಣ್ಣೀರೂ ಇದ್ದಿತು. ಮೊದಲ ದಾಂಪತ್ಯದಲ್ಲಿ ತೀವ್ರ ಹಿಂಸೆಯನ್ನುಂಡ ಆಕೆ ಅದರಿಂದ ಬಿಡುಗಡೆ ಪಡೆದು, ಮುಂದೆ ಪತ್ರಕರ್ತ ಬದರಿ ಕಾಂಚವಾಲಾ ಅವರನ್ನು ವರಿಸಿದರು. ವಿವಾಹವನ್ನು ಪವಿತ್ರ ಸಂಸ್ಕಾರವೆಂದು ನಂಬುವ ನಾವು ಇಲ್ಲಿ ತೀರ್ಪುಗಾರರಾಗಬೇಕಿಲ್ಲ. ಪೆಟ್ಟು ತಿಂದು ಮೌನವಾಗಿರುವ ಹೆಣ್ಣು ನಮ್ಮ ನೆರೆಮನೆಯಲ್ಲಿಯೂ ಇರಬಹುದೆಂಬ ಎಚ್ಚರ ನಮ್ಮಲ್ಲಿದ್ದರೆ ಸಾಕು.

ಕಾಲ ಬದಲಾಯಿತು. ಲತಾ ಮಂಗೇಶ್ಕರರ ಹೊಸ ಕಂಠಕ್ಕೆ ಚಿತ್ರರಂಗ ಮಾರುಹೋದಾಗ ಅಮೀರಬಾಯಿ ಸಣ್ಣಪುಟ್ಟ ಪಾತ್ರಗಳಲ್ಲಿ ನಟಿಸುತ್ತ ಕಲಾಸೇವೆ ಮುಂದುವರಿಸಿದರು. 1965ರ ಮಾರ್ಚ್ 3ರಂದು ಅವರ ಕಂಠ ಶಾಶ್ವತವಾಗಿ ಮೌನವಾಯಿತು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರಲ್ಲಿ. ಅಕ್ಕತಂಗಿಯರು ಅದಕ್ಕೆ ಎಷ್ಟೋ ಮೊದಲೇ ಆ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಮುಂಬಯಿಯಲ್ಲಿ ಮೆರೆಸಿದ್ದರು.

ಒಡೆಯನು ಕೊಟ್ಟ ತಲೆಂತನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕನ ಸಾಮತಿಯನ್ನು ನಾವೆಲ್ಲ ಬಲ್ಲೆವು. ಲೋಕನಿಂದೆಗೆ ಅಂಜಿ ಮಗಳ ಹಾಡನ್ನು ಮನೆಯೊಳಗೇ ಹೂತಿಡುವ ತಂದೆತಾಯಿಗಳೂ ಆ ಸೇವಕನಂತೆಯೇ ಲೆಕ್ಕ ಒಪ್ಪಿಸಬೇಕಾದೀತು. ನಮ್ಮ ಗಾನವೃಂದದ ಹೆಣ್ಣುಮಕ್ಕಳು ನಿರ್ಭಯವಾಗಿ ಹಾಡಲಿ. ಸರ್ವೇಶ್ವರನು ಅವರ ಕಂಠಗಳನ್ನು ಹರಸಲಿ.