ನೀರಿಗೆ ಲೆಕ್ಕವಿಟ್ಟ ವಿಶ್ವೇಶ್ವರಯ್ಯನವರು

ಸರ್ ಎಂ. ವಿಶ್ವೇಶ್ವರಯ್ಯನವರು ಜನಿಸಿದುದು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ಮಳೆಯನ್ನೂ ಕೆರೆಯನ್ನೂ ನಂಬಿ ಬಾಳುವ ಸೀಮೆ ಅದು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಮನೆಪಾಠ ಹೇಳಿ ಓದಿನ ವೆಚ್ಚವನ್ನು ತೂಗಿಸಿಕೊಂಡು, 1881ರಲ್ಲಿ ಬಿ.ಎ. ಪದವಿ ಪಡೆದರು. ಪುಣೆಯಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮುಗಿಸಿ 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು.

ಪುಣೆಯ ಪ್ರಾಂತದ ನೀರಾ ಕಾಲುವೆಯಲ್ಲಿ ನೀರು ವ್ಯರ್ಥವಾಗುತ್ತಿದ್ದುದನ್ನು ಅವರು ಕಂಡರು. ಕೆಲವರ ಹೊಲಗಳಲ್ಲಿ ನೀರು ಮಿತಿಮೀರಿ ನಿಲ್ಲುತ್ತಿತ್ತು. ಅನೇಕ ಹಳ್ಳಿಗಳಿಗೆ ಅದು ತಲುಪುತ್ತಲೇ ಇರಲಿಲ್ಲ. ಜಮೀನನ್ನು ಪಾಳಿಗಳಾಗಿ ವಿಂಗಡಿಸಿ, ಕಬ್ಬಿನಂತಹ ನೀರುಬಾಕ ಬೆಳೆಗೂ ಅಲ್ಪ ನೀರಿನ ಬೆಳೆಗೂ ಸರದಿಯನ್ನು ಗೊತ್ತುಮಾಡುವ ಕ್ರಮವನ್ನು ಅವರು ರೂಪಿಸಿದರು. ಯಥೇಚ್ಛವಾಗಿ ನೀರು ಪಡೆಯುತ್ತಿದ್ದವರು ವಿರೋಧಿಸಿದರು. ವಿಶ್ವೇಶ್ವರಯ್ಯನವರು ರೈತರಿಗೆ ವಿವರಿಸಿ ಅವರನ್ನು ಒಪ್ಪಿಸಿದರು. ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು 1903ರಲ್ಲಿ ಅಳವಡಿಸಿದ ಬಾಗಿಲುಗಳು ಪ್ರವಾಹ ಏರಿದಾಗ ತಾವಾಗಿಯೇ ತೆರೆದು, ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು.

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾದರು. 1912ರಿಂದ 1918ರ ವರೆಗೆ ದಿವಾನರಾಗಿದ್ದರು. 1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟಿನ ಕಾರ್ಯ ಆರಂಭವಾಯಿತು. ಆರಂಭದಲ್ಲಿ ಮದರಾಸು ಸರ್ಕಾರ 80 ಅಡಿಗಿಂತ ಹೆಚ್ಚಿನ ಎತ್ತರಕ್ಕೆ ಸಮ್ಮತಿಸಲಿಲ್ಲ. ಆದರೂ ಮುಂದೆ ಪೂರ್ಣ ಎತ್ತರದ ಕಟ್ಟೆಯನ್ನು ಹೊರಬಲ್ಲ ಅಗಲವಾದ ತಳಪಾಯವನ್ನೇ ಅವರು ಹಾಕಿಸಿದರು. 1924ರ ಒಪ್ಪಂದದ ಬಳಿಕ ಆ ದೂರದೃಷ್ಟಿ ಫಲಿಸಿತು. ಹಳೆಯ ಕನ್ನಂಬಾಡಿ ನೀರಿನಲ್ಲಿ ಮುಳುಗಿತು. ಮಂಡ್ಯದ ಬಯಲು ಹಸುರಾಯಿತು. ಅದೇ ನೀರು ಶಿವನಸಮುದ್ರದ ವಿದ್ಯುತ್ತಿಗೂ ಆಧಾರವಾಯಿತು. ನಾಲೆಯ ಕಬ್ಬನ್ನು ನಂಬಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ತಲೆಯೆತ್ತಿತು.

ಕೃಷಿಯೊಂದರಿಂದಲೇ ನಾಡು ಏಳಿಗೆ ಹೊಂದಲಾರದೆಂಬುದು ಅವರ ನಿಲುವು. ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯ ಅದಿರನ್ನು ಭದ್ರಾವತಿಯಲ್ಲಿ ಕರಗಿಸುವ ಯೋಜನೆ ಅವರದೇ. 1923ರಲ್ಲಿ ಕಾರ್ಖಾನೆ ಉತ್ಪಾದನೆಗೆ ತೊಡಗಿತು. ಮೊದಲಲ್ಲಿ ನಷ್ಟ ಬಂದಾಗ ಅವರೇ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಅದನ್ನು ಸರಿದಾರಿಗೆ ತಂದರು. 1934ರಲ್ಲಿ ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು ಗ್ರಂಥ ರಚಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು. ನೂರು ವರ್ಷ ಮೀರಿದ ತುಂಬುಬಾಳನ್ನು ಬಾಳಿ 1962ರಲ್ಲಿ ನಿಧನರಾದರು.

ಕೆಮ್ಮಣ್ಣುಗುಂಡಿಗೆ ಮಳೆ ಧಾರಾಳ. ಅದೇ ಜಿಲ್ಲೆಯ ಕಡೂರಿನ ಬಯಲಿಗೆ ಬರ ಇಂದಿಗೂ ಅಪರಿಚಿತವಲ್ಲ. ಎಮ್ಮೆದೊಡ್ಡಿಯಂತಹ ಊರಿನ ಕೆರೆಯಾಗಲಿ, ಕಾವೇರಿಯ ಮಹಾ ಜಲಾಶಯವಾಗಲಿ, ಕೂಡಿಟ್ಟ ನೀರನ್ನು ಅಳೆದು ಎಲ್ಲರಿಗೂ ಹಂಚಿದಾಗಲೇ ಅದು ಸಂಪತ್ತಾಗುತ್ತದೆ. ವಿಶ್ವೇಶ್ವರಯ್ಯನವರ ಬಾಳಿನ ದುಡಿಮೆ ನಮಗೆ ಬಿಟ್ಟುಹೋದ ಪಾಠವಿದು.