ಬ್ಯಾಸ್ಕೆಟ್‌ಬಾಲ್ ಜನಕ ಜೇಮ್ಸ್ ನೈಸ್ಮಿತ್

ಜೇಮ್ಸ್ ನೈಸ್ಮಿತ್ ಅವರು 1861ರಲ್ಲಿ ಕೆನಡಾ ದೇಶದಲ್ಲಿ ಜನಿಸಿದರು. ಒಂಬತ್ತನೆಯ ವಯಸ್ಸಿಗೇ ತಂದೆ ತಾಯಿಗಳನ್ನು ವಿಷಮಜ್ವರ ಕೊಂಡೊಯ್ದಿತು. ಶಾಲೆ ಬಿಟ್ಟು ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಹೋದರು. ಕೆಲವು ವರ್ಷಗಳ ಮೇಲೆ ಮತ್ತೆ ಶಾಲೆಗೆ ಸೇರಿ ಪದವೀಧರರಾದರು.

1891ರ ಚಳಿಗಾಲದಲ್ಲಿ ಅವರು ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ಒಳಾಂಗಣದಲ್ಲಿ ಆಡುವ ಹೊಸ ಆಟವನ್ನು 14 ದಿನಗಳಲ್ಲಿ ರೂಪಿಸಬೇಕೆಂದು ಮೇಲಧಿಕಾರಿಗಳ ಅಪ್ಪಣೆಯಾಯಿತು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, 13 ನಿಯಮಗಳನ್ನು ಬರೆದರು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಹೀಗೆ. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಎಚ್. ಸಿ. ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಕರ ಶಾಲೆ ತೆರೆದರು. ಆಗ ನಮ್ಮ ಅನಂತಪುರ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು.

ಮುಂದೆ ಕ್ಯಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ನೈಸ್ಮಿತ್‌ರು ತರಬೇತಿ ಕೊಟ್ಟ ತಂಡ 55 ಪಂದ್ಯ ಗೆದ್ದು, 60ರಲ್ಲಿ ಸೋತಿತು. 1939ರಲ್ಲಿ ಅವರು ಕಾಲವಾದರು.

ಅಮೆರಿಕದಲ್ಲಿ ಪ್ರತಿವರ್ಷ ಪತ್ರಕರ್ತರೂ ತರಬೇತುದಾರರೂ ಕಾಲೇಜು ಆಟಗಾರರಲ್ಲಿ ಶ್ರೇಷ್ಠರನ್ನು ಆರಿಸಿ ಗೌರವ ತಂಡವನ್ನು ಸಾರುತ್ತಾರೆ. ಆ ತಂಡ ಅಂಗಳಕ್ಕಿಳಿದು ಆಡುವುದಿಲ್ಲ. ಹೆಸರೇ ಅದಕ್ಕೆ ಬಹುಮಾನ. 1969ರಿಂದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುತ್ತಿರುವ ಒಂದು ಪ್ರಶಸ್ತಿಗೆ ನೈಸ್ಮಿತ್‌ರ ಹೆಸರನ್ನೇ ಇಡಲಾಗಿದೆ.

ವಿದ್ಯಾರ್ಥಿಗಳೇ, ಗೆಲುವಿಗಿಂತ ಸೋಲೇ ಹೆಚ್ಚಾಗಿದ್ದ ಗುರುವಿನ ಹೆಸರು ಶ್ರೇಷ್ಠರಿಗೆ ಕಿರೀಟವಾಗಿದೆ. ತಂಡದ ಪಟ್ಟಿಯಲ್ಲಿ ನಿಮ್ಮ ಹೆಸರು ಬಾರದಿದ್ದರೂ ಆಟ ಬಿಡಬೇಡಿರಿ.